ಮೇಣದಬತ್ತಿಯ ಬೆಳಕಿನ ಗಣಿ

ಉತ್ತರ ವೇಲ್ಸ್‌ನ ಲಾಂಡಿಡ್ನೊ ಜಂಕ್ಷನ್‌ನಿಂದ ಹೊರಟ ಪುಟ್ಟ ರೈಲು ಹಸಿರು ಕಣಿವೆಯಲ್ಲಿ ಗಂಟೆ ಹೊತ್ತು ಸಾಗಿ, ಮೂರು ಕಿಲೋಮೀಟರಿಗೂ ಉದ್ದದ ಸುರಂಗ ಹೊಗುತ್ತದೆ. ಆಚೆ ಬಂದರೆ ಎತ್ತ ನೋಡಿದರೂ ಸ್ಲೇಟು ಗಣಿಗಳ ಬೂದು ಕಲ್ಲುಚೂರಿನ ಗುಡ್ಡಗಳು. ಊರು ಬ್ಲೈನೈ ಫೆಸ್ಟಿನಿಯೋಗ್. 1951ರಲ್ಲಿ ಸ್ನೋಡೋನಿಯಾ ರಾಷ್ಟ್ರೀಯ ಉದ್ಯಾನ ರೂಪಿಸಿದವರು ಈ ರಾಶಿಗಳ ಕಾರಣಕ್ಕೇ ಊರನ್ನು ಹೊರಗಿಟ್ಟರು. ಸುತ್ತ ಉದ್ಯಾನ, ನಡುವೆ ಇದೊಂದು ದ್ವೀಪ. 2021ರಲ್ಲಿ ಇದೇ ಸ್ಲೇಟು ಸೀಮೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ನನ್ನ ಕಣ್ಣಿಗಂತೂ ಆ ರಾಶಿಗಳು ಕಸವಲ್ಲ. ಅಗೆದ ಕಲ್ಲಿನಲ್ಲಿ ಹತ್ತರಲ್ಲೊಂದು ಪಾಲು ಮಾತ್ರ ಛಾವಣಿಗೆ ಒದಗುತ್ತಿತ್ತು. ಉಳಿದುದನ್ನೂ ಹೊತ್ತು ಹೊರಹಾಕಿದವರು ಗಣಿಯ ಕೂಲಿಗಳೇ.

ಊರ ಅಂಚಿನ ಲೆಖ್ವೆದ್ ಗಣಿಯಲ್ಲಿ ಕೆಲಸ ಶುರುವಾದದ್ದು 1846ರಲ್ಲಿ. ಪ್ರವಾಸಿಗರಿಗೆ ಅದರ ಬಾಗಿಲು ತೆರೆದದ್ದು 1972ರಲ್ಲಿ. ಹೆಲ್ಮೆಟ್ ಧರಿಸಿ, ಕಡಿದಾದ ಇಳಿಜಾರಿನ ಕೇಬಲ್ ರೈಲಿನಲ್ಲಿ ಆಳಕ್ಕಿಳಿಯಬೇಕು. ಬೇಸಿಗೆಯಲ್ಲೂ ಸ್ವೆಟರ್ ಬೇಕಾಗುವಷ್ಟು ಚಳಿ. ಸ್ಲೇಟಿನ ಪದರ ಓರೆಯಾಗಿ ಬೆಟ್ಟದೊಳಕ್ಕೆ ಇಳಿದಿರುವುದರಿಂದ ಅದರ ಬೆನ್ನು ಹತ್ತಿ ಕೊರೆಯುತ್ತ ಹೋದರು. ಬೆಟ್ಟ ಕುಸಿಯದಂತೆ ನಡುನಡುವೆ ಕಂಬದಂತೆ ಬಂಡೆ ಉಳಿಸಿದರು. ದೇವಾಲಯದ ಮಂಟಪಕ್ಕಿಂತ ಎತ್ತರದ ಆ ಗುಹೆಗಳಲ್ಲಿ ತೊಡೆಗೆ ಸರಪಳಿ ಸುತ್ತಿಕೊಂಡು, ಬಂಡೆಗೆ ಜೋತುಬಿದ್ದು ರಂಧ್ರ ಕೊರೆಯುತ್ತಿದ್ದರು. ಬೆಳಕಿಗೆ ಮೇಣದಬತ್ತಿ. ಆ ಬತ್ತಿಯ ದುಡ್ಡೂ, ಸಿಡಿಮದ್ದಿನ ದುಡ್ಡೂ ಅವರದೇ! ತಿಂಗಳಿಗೊಮ್ಮೆ ಬಂಡೆಯ ಒಂದೊಂದು ತುಂಡಿಗೆ ಮೇಲ್ವಿಚಾರಕನ ಜೊತೆ ದರ ಚೌಕಾಸಿ. ಒಳಗೆ ಇಬ್ಬರು ಬಂಡೆ ಒಡೆದರೆ, ಹೊರಗಿನ ಶೆಡ್ಡಿನಲ್ಲಿ ಇನ್ನಿಬ್ಬರು ಉಳಿಯಿಂದ ಅದನ್ನು ತೆಳ್ಳನೆ ಹಾಳೆಗಳಾಗಿ ಸೀಳುತ್ತಿದ್ದರು.

ಊಟದ ಬಿಡುವಿನಲ್ಲಿ ಅವರು ಸೇರುತ್ತಿದ್ದ ಕೋಣೆ ‘ಕಬಾನ್’. ಚಹಾ ಕುಡಿಯುತ್ತ ವೆಲ್ಷ್ ನುಡಿಯಲ್ಲಿ ಹಾಡು, ಕವಿತೆ, ಧರ್ಮ, ಕಾರ್ಮಿಕ ಸಂಘದ ಚರ್ಚೆ ಎಲ್ಲವೂ ಅಲ್ಲೇ. ಕಲ್ಲಿನ ಧೂಳಿನಿಂದ ಎದೆ ಕಟ್ಟಿ ಸಾಯುತ್ತಿದ್ದಾಗ, ಗಣಿ ಕಂಪನಿಗಳ ವೈದ್ಯರು ಧೂಳನ್ನು ಬಿಟ್ಟು ಅವರ ಅತಿಯಾಗಿ ಕುದಿಸಿದ ಚಹಾದ ಮೇಲೆ ತಪ್ಪು ಹೊರಿಸಿದ್ದರು. ಆ ಕೋಣೆಯಲ್ಲಿ ನಿಂತು ಇದನ್ನು ನೆನೆದರೆ ಸಿಟ್ಟು ಬರುತ್ತದೆ. ಸ್ಲೇಟು ಕಾರ್ಮಿಕರಿಗೂ ಪರಿಹಾರ ದೊರಕಿಸುವ ಕಾನೂನು ಬಂದದ್ದು 1979ರಲ್ಲಿ; ಅಷ್ಟರಲ್ಲಿ ಗಣಿಗಳು ಒಂದೊಂದಾಗಿ ಮುಚ್ಚಿದ್ದವು.

ಮರಳುವಾಗ ಪೋರ್ತ್‌ಮಾಡೋಗ್ ಬಂದರಿಗೆ ಇಳಿಯುವ ಫೆಸ್ಟಿನಿಯೋಗ್ ರೈಲು ಹಿಡಿಯಿರಿ. 1836ರಲ್ಲಿ ಸ್ಲೇಟು ಸಾಗಿಸಲೆಂದೇ ಹಾಕಿದ ಹಳಿ ಇದು. ಮೊದಲಿಗೆ ಎಂಜಿನ್ನೇ ಇರಲಿಲ್ಲ. ತುಂಬಿದ ವ್ಯಾಗನ್‌ಗಳು ಇಳಿಜಾರಿನಲ್ಲಿ ತಾವೇ ಉರುಳುತ್ತಿದ್ದವು. ಅದೇ ಗಾಡಿಯಲ್ಲಿ ಕುದುರೆಗಳೂ ಕೂತು ಕೆಳಗೆ ಬಂದು, ಖಾಲಿ ವ್ಯಾಗನ್‌ಗಳನ್ನು ಮತ್ತೆ ಬೆಟ್ಟಕ್ಕೆ ಎಳೆಯುತ್ತಿದ್ದವು.