ಭಾರದ ಎಣ್ಣೆ ಹಗುರವಾಗುವ ಬಗೆ

ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲಗಳನ್ನು ಹೇರಿಕೊಂಡ ಲಾರಿಯು ಮೋಟೆಬೆನ್ನೂರಿನ ಬಳಿ ಹೆದ್ದಾರಿಯನ್ನು ಸೇರಿ, ಹಾವೇರಿಯ ಕಡೆಗೋ ರಾಣಿಬೆನ್ನೂರಿನ ಕಡೆಗೋ ಹೊರಳುತ್ತದೆ. ಅದು ಉರಿಸುವ ಡೀಸೆಲೆಲ್ಲವೂ ನೆಲದಿಂದ ಡೀಸೆಲಾಗಿಯೇ ಬಂದುದೆಂದು ನಾವು ತಿಳಿಯಬೇಕಾಗಿಲ್ಲ. ಕಚ್ಚಾ ಎಣ್ಣೆಯನ್ನು ಬಟ್ಟಿಯಿಳಿಸಿ ಪೆಟ್ರೋಲು, ಸೀಮೆಎಣ್ಣೆ, ಡೀಸೆಲುಗಳನ್ನು ಬೇರ್ಪಡಿಸಿದ ಮೇಲೂ ಮಂದವಾದ ಭಾರದ ಎಣ್ಣೆ ಬಹಳಷ್ಟು ಉಳಿಯುತ್ತದೆ. ಅದು ಲಾರಿಯ ಎಂಜಿನ್ನಿಗೆ ಒಗ್ಗದು.

ಅದಕ್ಕಿರುವ ಕೊರತೆ ಜಲಜನಕದ್ದು. ಡೀಸೆಲಿನಲ್ಲಿ ನೂರು ಇಂಗಾಲದ ಪರಮಾಣುಗಳಿಗೆ ಸುಮಾರು 185 ಜಲಜನಕದ ಪರಮಾಣುಗಳಿದ್ದರೆ, ಭಾರದ ಎಣ್ಣೆಯಲ್ಲಿ ಅವು 160ರ ಆಸುಪಾಸಿನಲ್ಲಿರುತ್ತವೆ. ಬರಿಯ ಶಾಖದಿಂದಲೂ ಅದರ ದೊಡ್ಡ ಅಣುಗಳನ್ನು ಮುರಿಯಬಹುದು. ಆದರೆ ಮುರಿದ ತುದಿಗಳು ಸುಮ್ಮನಿರುವುದಿಲ್ಲ. ಕೆಲವು ಚೂರುಗಳು ನೆರೆಯ ಅಣುಗಳಿಂದ ಜಲಜನಕವನ್ನು ಕಸಿದುಕೊಳ್ಳುತ್ತವೆ. ಕಳೆದುಕೊಂಡವು ಒಂದಕ್ಕೊಂದು ಹೆಣೆದುಕೊಂಡು ಕೋಕ್ ಎಂಬ ಕರಿಯ ಗಟ್ಟಿ ಪದಾರ್ಥವಾಗುತ್ತವೆ. ಮುರಿಯುವ ಹೊತ್ತಿಗೇ ಹೊರಗಿನಿಂದ ಜಲಜನಕವನ್ನು ಒದಗಿಸಿದರೆ ಈ ಕಸಿದಾಟ ತಪ್ಪುತ್ತದೆ. ಜರ್ಮನಿಯ ಫ್ರೀಡ್ರಿಕ್ ಬೆರ್ಗಿಯುಸ್ 1913ರ ಹೊತ್ತಿಗೆ ಕಲ್ಲಿದ್ದಲಿಗೆ ಜಲಜನಕವನ್ನು ಕೂಡಿಸಿ ದ್ರವ ಇಂಧನ ಪಡೆಯುವ ಮಾರ್ಗವನ್ನು ತೋರಿಸಿದ್ದನು. 1931ರಲ್ಲಿ ಅವನಿಗೂ ಕಾರ್ಲ್ ಬಾಷ್‌ನಿಗೂ ನೊಬೆಲ್ ಪಾರಿತೋಷಕ ದೊರೆಯಿತು.

1996ರಲ್ಲಿ ಕೆಲಸ ತೊಡಗಿದ ಮಂಗಳೂರಿನ ತೈಲ ಶುದ್ಧೀಕರಣಾಗಾರದಲ್ಲಿ ಇದಕ್ಕಾಗಿಯೇ ಹೈಡ್ರೋಕ್ರ್ಯಾಕರ್ ಎಂಬ ಘಟಕಗಳಿವೆ. ಇಂಥ ಘಟಕದಲ್ಲಿ ಉಷ್ಣತೆ ಸುಮಾರು 400 ಡಿಗ್ರಿ ಸೆಂಟಿಗ್ರೇಡ್; ಒತ್ತಡ ವಾಯುಮಂಡಲದ ಒತ್ತಡಕ್ಕಿಂತ 100ರಿಂದ 200 ಪಟ್ಟು. ಲಾರಿಯ ಟೈರಿನಲ್ಲಿ ನಾವು ತುಂಬುವ ಗಾಳಿಯದು ಎಂಟು ಪಟ್ಟಿನಷ್ಟು ಮಾತ್ರ! ಸಾಲದುದಕ್ಕೆ ಜಲಜನಕವು ಉಕ್ಕಿನೊಳಕ್ಕೂ ನುಸುಳಿ ಅದನ್ನು ಪೆಡಸು ಮಾಡುತ್ತದೆ. ಆದ್ದರಿಂದ ಪಾತ್ರೆಯ ಗೋಡೆಗಳನ್ನು ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ದಪ್ಪ ಉಕ್ಕಿನಿಂದ ಕಟ್ಟುತ್ತಾರೆ. ಒಳಗೆ ನಿಕ್ಕಲ್ಲಿನಂಥ ಲೋಹಗಳನ್ನು ಹೊತ್ತ ವೇಗವರ್ಧಕದ ಹರಳುಗಳಿರುತ್ತವೆ.

ಇದೇ ಜಲಜನಕ ಎಣ್ಣೆಯೊಳಗಿನ ಗಂಧಕವನ್ನೂ ಎಳೆದು ತೆಗೆಯುತ್ತದೆ. 2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಒಂದು ಕಿಲೋಗ್ರಾಂ ಡೀಸೆಲಿನಲ್ಲಿ 10 ಮಿಲಿಗ್ರಾಮಿಗಿಂತ ಹೆಚ್ಚು ಗಂಧಕವಿರಕೂಡದು. ಹೊರಬಂದ ಗಂಧಕ ವ್ಯರ್ಥವಾಗುವುದಿಲ್ಲ. ಮೆಣಸಿನ ಗಿಡಕ್ಕೆ ಬೂದಿರೋಗ ತಗಲಿದಾಗ ರೈತರು ಬಳಸುವುದು ಗಂಧಕವನ್ನೇ. ಜಗತ್ತಿನ ಗಂಧಕದ ಬಹುಭಾಗ ಇಂದು ಬರುವುದು ಎಣ್ಣೆ ಮತ್ತು ಅನಿಲಗಳ ಶುದ್ಧೀಕರಣದಿಂದಲೇ.

ಇಷ್ಟೊಂದು ಜಲಜನಕ ಎಲ್ಲಿಂದ ಬರುತ್ತದೆ? ಬಹುಮಟ್ಟಿಗೆ ನೈಸರ್ಗಿಕ ಅನಿಲವನ್ನೋ ನ್ಯಾಫ್ತಾವನ್ನೋ ಉಗಿಯೊಡನೆ ಕಾಯಿಸಿ ಪಡೆಯುತ್ತಾರೆ. ತೊಡಕಿರುವುದು ಇಲ್ಲಿಯೇ. ಅನಿಲದಿಂದ ಪಡೆಯುವಾಗ, ಸಮೀಕರಣದಂತೆ ಒಂದು ಟನ್ ಜಲಜನಕಕ್ಕೆ ಐದೂವರೆ ಟನ್ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ; ಕುಲುಮೆಯ ಇಂಧನವನ್ನೂ ಸೇರಿಸಿದರೆ ಸುಮಾರು ಒಂಬತ್ತರಿಂದ ಹತ್ತು ಟನ್. ನೆರೆಯ ಗದಗಿನ ಗುಡ್ಡಗಳಲ್ಲಿ ತಿರುಗುವ ಗಾಳಿಯಂತ್ರಗಳಂಥವುಗಳ ವಿದ್ಯುತ್ತಿನಿಂದ ನೀರನ್ನೇ ಒಡೆದು ಜಲಜನಕ ಪಡೆದರೆ ಈ ಹೊಗೆಯಿಲ್ಲ. ಆದರೆ ಆಗ ಒಂದು ಕಿಲೋಗ್ರಾಂ ಜಲಜನಕಕ್ಕೆ ಸುಮಾರು 50 ಯೂನಿಟ್ ವಿದ್ಯುತ್ತು ಬೇಕು.