ಹುಲ್ಲುಗಾವಲಿನ ಮನೆಯೂ ಹಳೆಯ ದಾಖಲೆಗಳೂ

ಅಮೆರಿಕದ ಲೇಖಕಿ ಲಾರಾ ಇಂಗಲ್ಸ್ ವೈಲ್ಡರ್ ಅವರ ‘ಲಿಟ್ಲ್ ಹೌಸ್ ಆನ್ ದಿ ಪ್ರೈರಿ’ ಎಂಬ ಪುಸ್ತಕ 1935ರಲ್ಲಿ ಹೊರಬಂದಿತು. ಕಾಡಿನ ಸೀಮೆಯಾದ ವಿಸ್ಕಾನ್ಸಿನ್ನಿನಿಂದ ಹೊರಟ ಒಂದು ಬಡ ಒಕ್ಕಲು ಸಂಸಾರವು ಕಮಾನು ಬಂಡಿಯಲ್ಲಿ ನೂರಾರು ಮೈಲಿ ದಾಟಿ, ಕ್ಯಾನ್ಸಸ್ಸಿನ ಹುಲ್ಲುಗಾವಲಿನಲ್ಲಿ ಮರದ ದಿಮ್ಮಿಗಳ ಮನೆ ಕಟ್ಟಿದ ಕಥೆ ಅದು. ತಂದೆ ಚಾರ್ಲ್ಸ್, ತಾಯಿ ಕ್ಯಾರೊಲಿನ್, ಮಕ್ಕಳು ಮೇರಿ, ಲಾರಾ ಮತ್ತು ಕೈಗೂಸು ಕ್ಯಾರಿ, ಹೆಸರುಗಳೆಲ್ಲವೂ ನಿಜವಾದವೇ. ಲೇಖಕಿ ತಮ್ಮ ಮನೆಯ ಕಥೆಯನ್ನೇ ಹೇಳುತ್ತಿದ್ದಾರೆಂದ ಮೇಲೆ ಆ ಮನೆ ಎಲ್ಲಿತ್ತೆಂದು ಓದುಗರು ಹುಡುಕಹೊರಟದ್ದು ಸಹಜವೇ.

ಪುಸ್ತಕವನ್ನು ನಂಬಿ ಹೊರಟರೆ ಮನೆ ಸಿಗುವಂತಿರಲಿಲ್ಲ. ಇಂಡಿಪೆಂಡೆನ್ಸ್ ಪಟ್ಟಣದಿಂದ ಅದು ನಲವತ್ತು ಮೈಲಿ ಎಂದು ಲಾರಾ ಬರೆದಿದ್ದರು. ಆ ಪಟ್ಟಣದಿಂದ ದಕ್ಷಿಣಕ್ಕೆ ಅಷ್ಟು ದೂರ ನಡೆದವನು ಕ್ಯಾನ್ಸಸ್ಸಿನ ಎಲ್ಲೆಯನ್ನೇ ದಾಟಿ ಒಕ್ಲಹೋಮಾದಲ್ಲಿ ನಿಂತಿರುತ್ತಾನೆ! ಲಾರಾ ಹುಟ್ಟಿದ್ದು 1867ರ ಫೆಬ್ರುವರಿಯಲ್ಲಿ. ಕ್ಯಾನ್ಸಸ್ಸಿನ ವಾಸ ಮುಗಿಯುವ ವೇಳೆಗೆ ಅವರಿಗೆ ನಾಲ್ಕು ವರ್ಷ ತುಂಬಿತ್ತಷ್ಟೆ. ಅಪ್ಪ ಬಂಡಿ ಹೂಡಿಕೊಂಡು ಪಟ್ಟಣಕ್ಕೆ ಹೋಗಿ ಬರುವ ತನಕ ಕಾದಿದ್ದ ಮಗುವಿಗೆ ಹಾದಿ ಎಷ್ಟು ದೀರ್ಘವಾಗಿ ತೋರಿತ್ತೋ!

ಈ ತೊಡಕನ್ನು ಬಿಡಿಸಿದವರು 1960ರ ದಶಕದ ಕೊನೆಯಲ್ಲಿ ಇಂಡಿಪೆಂಡೆನ್ಸಿನ ಮಾರ್ಗರೆಟ್ ಕ್ಲೆಮೆಂಟ್ ಎಂಬ ಮಹಿಳೆ. ಸಂಸಾರದ ಬೈಬಲ್ಲಿನಲ್ಲಿ ಕ್ಯಾರಿಯ ಜನನವನ್ನು ಬರೆದಿಟ್ಟಿದ್ದರು: 1870ರ ಆಗಸ್ಟ್ 3, ಕ್ಯಾನ್ಸಸ್ಸಿನ ಮಾಂಟ್ಗೊಮರಿ ಜಿಲ್ಲೆ. ಹಾಗಾದರೆ ಅದೇ ವರ್ಷದ ಖಾನೇಷುಮಾರಿಯಲ್ಲಿ ಇವರು ಸಿಗಲೇಬೇಕು. ಸಿಕ್ಕಿದರು ಕೂಡ, ರಟ್ಲೆಂಡ್ ಎಂಬ ಹೋಬಳಿಯ ಪುಟಗಳಲ್ಲಿ. ಖಾನೇಷುಮಾರಿಯ ಗುಮಾಸ್ತನು ಒಂದು ಮನೆಯಿಂದ ಮುಂದಿನ ಮನೆಗೆ ನಡೆದೇ ಹೋಗುವವನಾದ್ದರಿಂದ, ಪಟ್ಟಿಯಲ್ಲಿ ಹಿಂದೆ ಮುಂದೆ ಇರುವ ಹೆಸರುಗಳು ನೆರೆಹೊರೆಯವರ ಹೆಸರುಗಳು. ಅವರಲ್ಲಿ ಅಲ್ಲೇ ನೆಲೆನಿಂತವರು ಮುಂದೆ ಹಣ ಕಟ್ಟಿ ತಮ್ಮ ತಮ್ಮ ನೆಲವನ್ನು ದಾಖಲೆ ಮಾಡಿಸಿಕೊಂಡರು. ಆ ಹೊಲಗಳನ್ನೆಲ್ಲ ನಕ್ಷೆಯಲ್ಲಿ ಗುರುತಿಸಿದಾಗ ಇಂಗಲ್ಸರ ಮನೆಯ ಸ್ಥಳವೂ ಗೊತ್ತಾಯಿತು. ಅಲ್ಲಿ ಕೈಯಿಂದ ತೋಡಿದ ಹಳೆಯದೊಂದು ಬಾವಿಯೂ ಇತ್ತು. ಪಟ್ಟಣಕ್ಕೆ ಅದು ಸುಮಾರು ಹದಿಮೂರು ಮೈಲಿ.

ನೆರೆಯವರಲ್ಲಿ ಒಬ್ಬರು ಜಾರ್ಜ್ ಟ್ಯಾನ್ ಎಂಬ ಕರಿಯ ಜನಾಂಗದ ವೈದ್ಯರು. ಮನೆಮಂದಿಯೆಲ್ಲ ಚಳಿಜ್ವರದಿಂದ ಮಲಗಿದಾಗ ಬಂದು ಔಷಧ ಕೊಟ್ಟ ವೈದ್ಯರನ್ನು ಪುಸ್ತಕ ಓದಿದವರು ಮರೆತಿರಲಾರರು. ಅವರು ಬರಿಯ ಕಥೆಯ ಪಾತ್ರವಲ್ಲ.

ಆದರೆ ಆ ಖಾನೇಷುಮಾರಿಯ ಪುಟ ಇನ್ನೊಂದು ಮಾತನ್ನೂ ಹೇಳುತ್ತದೆ. ಪ್ರತಿ ಸಂಸಾರದ ಎದುರು ಅವರ ನೆಲದ ಬೆಲೆಯನ್ನು ಬರೆಯಬೇಕಾದ ಅಂಕಣವೊಂದುಂಟು. ಅದು ಖಾಲಿಯಾಗಿದೆ. ಈ ನೆಲ ಓಸೇಜ್ ಇಂಡಿಯನ್ನರದು, ಒಕ್ಕಲು ಬಂದವರಿಗೆ ಇದರ ಮೇಲೆ ಹಕ್ಕಿಲ್ಲ ಎಂದು ಗುಮಾಸ್ತನು ಷರಾ ಬರೆದಿದ್ದಾನೆ. ಒಕ್ಕಲು ಹೂಡುವವರಿಗೆ 160 ಎಕರೆ ಸರಕಾರಿ ನೆಲ ಕೊಡುವ 1862ರ ಪ್ರಸಿದ್ಧ ಕಾನೂನು ಓಸೇಜರ ಈ ಮೀಸಲು ಸೀಮೆಗೆ ಅನ್ವಯಿಸುತ್ತಿರಲಿಲ್ಲ. ಇಂಗಲ್ಸರೂ ಅವರ ನೆರೆಯವರೂ ಪರರ ನೆಲದಲ್ಲಿ ಬೀಡುಬಿಟ್ಟವರೇ. ಪುಸ್ತಕದಲ್ಲಿ ಹಸಿದ ಇಂಡಿಯನ್ನರು ಮನೆಯೊಳಕ್ಕೆ ನುಗ್ಗಿ ಆಹಾರ ಕೇಳಿದಾಗ ಓದುಗರು ಭಯದಿಂದ ಉಸಿರು ಬಿಗಿಹಿಡಿಯುತ್ತಾರೆ. ಷರಾ ಓದಿದ ಮೇಲೆ ಆ ಅಧ್ಯಾಯವನ್ನು ಮತ್ತೊಮ್ಮೆ ತೆರೆದರೆ, ಯಾರ ಮನೆಗೆ ಯಾರು ನುಗ್ಗಿದರೆಂಬ ಪ್ರಶ್ನೆ ಏಳದಿರದು.

ಸೈನಿಕರು ಬಂದು ಎಬ್ಬಿಸುವರೆಂಬ ಸುದ್ದಿಯಿಂದ ಅಪ್ಪ ಮನೆ ತೊರೆದನೆಂದು ಪುಸ್ತಕ ಹೇಳುತ್ತದೆ. ಇಲ್ಲಿಯೂ ಲೆಕ್ಕ ಕೂಡುವುದಿಲ್ಲ. ಓಸೇಜರ ಸೀಮೆಯನ್ನು ಎಕರೆಗೆ ಒಂದೂಕಾಲು ಡಾಲರಿನಂತೆ ಒಕ್ಕಲಿಗರಿಗೇ ಮಾರುವ ಶಾಸನವಾದದ್ದು 1870ರ ಜುಲೈಯಲ್ಲಿ. ಓಸೇಜರು ಅದಕ್ಕೆ ಒಪ್ಪಿ ದಕ್ಷಿಣಕ್ಕೆ ಸರಿಯಬೇಕಾಯಿತು. ಇಂಗಲ್ಸರು ಬಂಡಿ ತಿರುಗಿಸಿದ್ದು 1871ರಲ್ಲಿ. ಅಷ್ಟರಲ್ಲಿ ಅವರನ್ನು ಎಬ್ಬಿಸುವ ಮಾತೇ ಇರಲಿಲ್ಲ. ವಿಸ್ಕಾನ್ಸಿನ್ನಿನ ಅವರ ಹೊಲವನ್ನು ಕೊಂಡಿದ್ದವನು ಹಣ ಸಲ್ಲಿಸಲಾರದೆ ಹೋದದ್ದೇ ಹಿಂತಿರುಗಲು ಕಾರಣವೆಂದು ತೋರುತ್ತದೆ.

ಮುಂದಿನ ವರ್ಷಗಳ ಪತ್ರಗಳು ಇನ್ನೂ ಕರುಣಾಜನಕವಾಗಿವೆ. ಮಿನೆಸೋಟದ ವಾಲ್ನಟ್ ಗ್ರೋವ್ ಬಳಿ ಬೆಳೆದು ನಿಂತಿದ್ದ ಗೋಧಿಯನ್ನು ಮಿಡತೆಯ ಹಿಂಡು ನುಂಗಿಹಾಕಿತು. ಯಾರ ಹಂಗಿಗೂ ಒಳಗಾಗದ ಮನುಷ್ಯನೆಂದು ಮಗಳು ಚಿತ್ರಿಸಿದ ಅದೇ ಚಾರ್ಲ್ಸ್, ತನ್ನಲ್ಲಿ ಏನೂ ಉಳಿದಿಲ್ಲವೆಂಬ ಪ್ರಮಾಣಪತ್ರಕ್ಕೆ 1875ರಲ್ಲಿ ರುಜು ಹಾಕಿ ಸರಕಾರದಿಂದ ಎರಡು ಅರ್ಧ ಪೀಪಾಯಿ ಹಿಟ್ಟು ಪಡೆದ. ಹಾಗೆ ಪ್ರಮಾಣ ಮಾಡದವರಿಗೆ ಹಿಟ್ಟಿಲ್ಲವೆಂಬುದು ಆಗಿನ ನಿಯಮ. ಆ ವರ್ಷದ ನವೆಂಬರಿನಲ್ಲಿ ಒಂದು ಗಂಡುಮಗು ಹುಟ್ಟಿತು. ಚಾರ್ಲ್ಸ್ ಫ್ರೆಡರಿಕ್ ಎಂದು ಹೆಸರಿಟ್ಟರು. ಒಂಬತ್ತೇ ತಿಂಗಳಲ್ಲಿ, 1876ರ ಆಗಸ್ಟ್ 27ರಂದು, ಮಗು ತೀರಿಕೊಂಡಿತು. ಲಾರಾ ಅವರ ಕಾದಂಬರಿಗಳಲ್ಲಿ ಈ ತಮ್ಮನಿಲ್ಲ. ರುಜು ಹಾಕಿದ ಆ ಕಾಗದವೂ ಇಲ್ಲ. ಮಕ್ಕಳ ಪುಸ್ತಕಕ್ಕೆ ಇವು ಸಲ್ಲವೆಂದು ತಾಯಿಯ ಮನಸ್ಸು ಎಣಿಸಿದ್ದರೆ ಅದನ್ನು ತಪ್ಪೆನ್ನುವುದು ಕಷ್ಟ. 1930ರಲ್ಲಿ ದೊಡ್ಡವರಿಗಾಗಿ ಬರೆದು, ಪ್ರಕಾಶಕರು ಸಿಗದೆ ಉಳಿದಿದ್ದ ಆತ್ಮಕಥೆಯಲ್ಲಿ ಲಾರಾ ಈ ತಮ್ಮನ ವಿಷಯ ಬರೆದಿದ್ದಾರೆ. ಆ ಹಸ್ತಪ್ರತಿ ಟಿಪ್ಪಣಿಗಳೊಡನೆ ಅಚ್ಚಾದದ್ದು 2014ರಲ್ಲಿ.

ಅಕ್ಕ ಮೇರಿ 1879ರಲ್ಲಿ ದೃಷ್ಟಿ ಕಳೆದುಕೊಂಡದ್ದು ಕೆಂಪು ಜ್ವರದಿಂದ ಎಂದು ಕಾದಂಬರಿ ಹೇಳುತ್ತದೆ. ಅಂದಿನ ಸ್ಥಳೀಯ ಪತ್ರಿಕೆಗಳ ಸುದ್ದಿಗಳನ್ನೂ ಲಾರಾ ಅವರ ಬರಹಗಳನ್ನೂ ಪರಿಶೀಲಿಸಿದ ವೈದ್ಯರು, ಅದು ಮಿದುಳಿಗೂ ಅದರ ಪೊರೆಗೂ ತಗಲಿದ ವೈರಸ್ ರೋಗವಿರಬೇಕೆಂದು 2013ರಲ್ಲಿ ಅಭಿಪ್ರಾಯಪಟ್ಟರು.

ಕಡೆಗೆ ಡಕೋಟಾ ಸೀಮೆಯ ಡಿ ಸ್ಮೆಟ್ ಎಂಬಲ್ಲಿ ಚಾರ್ಲ್ಸನಿಗೆ ಕಾನೂನಿನ ನೆಲ ದೊರೆಯಿತು. 1880ರ ಫೆಬ್ರುವರಿಯಲ್ಲಿ ಬ್ರೂಕಿಂಗ್ಸ್ ಕಚೇರಿಯಲ್ಲಿ 160 ಎಕರೆಗೆ ಅರ್ಜಿ ಕೊಟ್ಟ. ಐದು ವರ್ಷ ಅಲ್ಲೇ ವಾಸವಿದ್ದು, ನೆಲ ಉತ್ತು, ಸಾಕ್ಷಿಗಳಿಂದ ಹೌದೆನ್ನಿಸಿದರೆ ಮಾತ್ರ ಹಕ್ಕು. ಆ ರುಜುವಾತನ್ನು ಅವನು ಒಪ್ಪಿಸಿದ್ದು 1886ರಲ್ಲಿ. ಇಂಥ ಕಡತಗಳು ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿ ಭದ್ರವಾಗಿವೆ. ಅಷ್ಟು ಅಲೆದು ಪಡೆದ ನೆಲದಲ್ಲಿ ಅವನು ಬಹುಕಾಲ ನಿಲ್ಲಲಿಲ್ಲ. 1887ರಲ್ಲಿ ಪೇಟೆಯೊಳಗೆ ತನ್ನ ಕೈಯಾರೆ ಒಂದು ಮನೆ ಕಟ್ಟಿದ. 1902ರಲ್ಲಿ ಅವನು ಕಣ್ಣುಮುಚ್ಚಿದ್ದು ಆ ಮನೆಯಲ್ಲಿಯೇ.