ಕೊಳವೆಯಲ್ಲಿ ಬರುವ ಅನಿಲ: ರೈತರು ತಿಳಿದಿರಬೇಕಾದ ಸಂಗತಿಗಳು

ಸಿಲಿಂಡರಿನ ಅನಿಲ ಗಂಗೊಳ್ಳಿ, ತ್ರಾಸಿ, ಹೆಮ್ಮಾಡಿ ಕಡೆಯ ರೈತ ಕುಟುಂಬಗಳಿಗೆ ಹೊಸದಲ್ಲ. ನೀರಿನಂತೆ ಕೊಳವೆಯಲ್ಲಿ ಹರಿದು ಬರುವ ಅನಿಲ ಮಾತ್ರ ಹೊಸದು. 2018ರಲ್ಲಿ ಉಡುಪಿ ಜಿಲ್ಲೆಯ ಅನಿಲ ವಿತರಣೆಯ ಅಧಿಕಾರ ಅದಾನಿ ಗ್ಯಾಸ್ ಸಂಸ್ಥೆಗೂ, ದಕ್ಷಿಣ ಕನ್ನಡ ಜಿಲ್ಲೆಯದು ಗೇಲ್ ಗ್ಯಾಸ್ ಸಂಸ್ಥೆಗೂ ದೊರೆಯಿತು. ಕೊಚ್ಚಿಯಿಂದ ಮಂಗಳೂರಿಗೆ ಸುಮಾರು 450 ಕಿಲೋಮೀಟರ್ ಉದ್ದದ ಕೊಳವೆ ಮಾರ್ಗ 2021ರ ಜನವರಿ 5ರಂದು ಉದ್ಘಾಟನೆಯಾಯಿತು. ಇದರಿಂದ ನಮಗೇನು ಲಾಭ, ನಮ್ಮ ಜಮೀನಿಗೇನು ತೊಡಕು ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಇದು ಯಾವ ಅನಿಲ?

ನೈಸರ್ಗಿಕ ಅನಿಲದ ಬಹುಭಾಗ ಮೀಥೇನ್. ನಿಮ್ಮ ಹಟ್ಟಿಯ ಗೋಬರ್ ಅನಿಲದಲ್ಲಿ ಉರಿಯುವುದೂ ಇದೇ ಮೀಥೇನ್. ಅದರಲ್ಲಿ ಸುಮಾರು ಶೇಕಡಾ 55ರಿಂದ 60ರಷ್ಟು ಇರುತ್ತದೆ. ಸಿಲಿಂಡರಿನಲ್ಲಿರುವುದು ಬೇರೆ, ಅದು ಪ್ರೋಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಕೊಳವೆ ಅನಿಲಕ್ಕೆ ಮೀಟರ್ ಇರುತ್ತದೆ; ಉರಿಸಿದಷ್ಟಕ್ಕೆ ಹಣ.

ರೈತರಿಗೆ ಇನ್ನೊಂದು ಸಂಬಂಧವೂ ಇದೆ. ಯೂರಿಯಾ ತಯಾರಿಕೆಗೆ ಬೇಕಾದ ಅಮೋನಿಯಾವನ್ನು ಈ ಅನಿಲದಿಂದಲೇ ಮಾಡುತ್ತಾರೆ. ಮಂಗಳೂರಿನ ಪಣಂಬೂರಿನ ಗೊಬ್ಬರದ ಕಾರ್ಖಾನೆ ಹಿಂದೆ ನಾಫ್ತಾ ಬಳಸುತ್ತಿತ್ತು. ಕೊಳವೆ ಬಂದ ಮೇಲೆ ಅನಿಲಕ್ಕೆ ಬದಲಾಯಿತು.

ಜಮೀನಿನಲ್ಲಿ ಕೊಳವೆ ಹಾಯ್ದರೆ

ಊರೊಳಗಿನ ವಿತರಣಾ ಕೊಳವೆಗಳು ಸಾಮಾನ್ಯವಾಗಿ ರಸ್ತೆಯ ಅಂಚಿನಲ್ಲೇ ಹೋಗುತ್ತವೆ. ದೂರದ ಊರುಗಳಿಗೆ ಅನಿಲ ಸಾಗಿಸುವ ದೊಡ್ಡ ಕೊಳವೆ ಗದ್ದೆ, ತೋಟಗಳ ಮೂಲಕವೂ ಹಾಯಬಹುದು. ಇಂಥ ಮಾರ್ಗಗಳಿಗೆ 1962ರ ಕೊಳವೆ ಮಾರ್ಗ ಕಾಯಿದೆ ಅನ್ವಯಿಸುತ್ತದೆ. ಇದರಲ್ಲಿ ಜಮೀನಿನ ಒಡೆತನ ನಿಮ್ಮಲ್ಲೇ ಉಳಿಯುತ್ತದೆ; ನೆಲದಡಿ ಕೊಳವೆ ಹಾಕುವ ಬಳಕೆಯ ಹಕ್ಕು ಮಾತ್ರ ಹೋಗುತ್ತದೆ. ಆದ್ದರಿಂದ ಕೆಳಗಿನ ಅಂಶಗಳನ್ನು ನೆನಪಿಡಿರಿ.

1. ಅಧಿಸೂಚನೆಯ ಪ್ರತಿ ಸಾರ್ವಜನಿಕರಿಗೆ ದೊರೆತ ದಿನದಿಂದ 21 ದಿನಗಳೊಳಗೆ ಸಕ್ಷಮ ಪ್ರಾಧಿಕಾರಿಗೆ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಈ ಅವಧಿ ಕಳೆಯಗೊಡಬೇಡಿರಿ.

2. ಕೊಳವೆ ಹಾಯ್ದ ಪಟ್ಟಿಯಲ್ಲಿ ಭತ್ತ, ಉದ್ದು, ನೆಲಗಡಲೆಯಂಥ ಬೆಳೆ ತೆಗೆಯಬಹುದು. ಆದರೆ ಮನೆ ಕಟ್ಟುವಂತಿಲ್ಲ, ಬಾವಿ ಅಥವಾ ಕೆರೆ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಬೈಲು ಗದ್ದೆಯವರಿಗೆ ಇದು ಅಷ್ಟು ಭಾರವಾಗದು. ತೆಂಗು, ಅಡಿಕೆ ತೋಟದವರಿಗೆ ಮಾತ್ರ ಆ ಪಟ್ಟಿ ತೋಟವಾಗಿ ಉಳಿಯುವುದಿಲ್ಲ. ಹತ್ತು ಸೆಂಟ್ಸ್, ಇಪ್ಪತ್ತು ಸೆಂಟ್ಸ್ ಹಿತ್ತಿಲು ಇರುವವರು ಇದನ್ನು ಚೆನ್ನಾಗಿ ಯೋಚಿಸಬೇಕು. ಮುಂದೆ ಮಗನಿಗೆ ಮನೆ ಕಟ್ಟಲು ಜಾಗ ಉಳಿದೀತೇ ಎಂದು ನೋಡಬೇಕು.

3. ಬಳಕೆಯ ಹಕ್ಕಿಗೆ ಜಮೀನಿನ ಮಾರುಕಟ್ಟೆ ಬೆಲೆಯ ಶೇಕಡಾ 10ರಷ್ಟು ಪರಿಹಾರವನ್ನು ಕಾಯಿದೆ ಗೊತ್ತುಮಾಡಿದೆ. ಬೆಳೆ, ಮರ ಮುಂತಾದವುಗಳ ನಷ್ಟಕ್ಕೆ ಬೇರೆ ಪರಿಹಾರವಿದೆ. ನಿಗದಿಯಾದ ಮೊತ್ತ ಒಪ್ಪಿಗೆಯಾಗದಿದ್ದರೆ ಜಿಲ್ಲಾ ನ್ಯಾಯಾಧೀಶರಲ್ಲಿ ಅರ್ಜಿ ಹಾಕಬಹುದು.

4. ಕೆಲಸ ಆರಂಭವಾಗುವ ಮೊದಲೇ ಪಹಣಿ ಸರಿಪಡಿಸಿಕೊಳ್ಳಿರಿ. ಫಲ ಕೊಡುವ ಮರಗಳನ್ನು ಎಣಿಸಿ, ಮಹಜರಿನಲ್ಲಿ ಬರೆಸಿ, ಪ್ರತಿ ಪಡೆಯಿರಿ. ಮೇಲ್ಮಣ್ಣನ್ನು ಬೇರೆಯಾಗಿ ತೆಗೆದಿಟ್ಟು ಕೊನೆಗೆ ಮೇಲೆಯೇ ಹರಡಬೇಕೆಂದು ಕೇಳಿರಿ. ಅಡಿಮಣ್ಣು ಮೇಲೆ ಬಂದರೆ ಮುಂದಿನ ಕೆಲವು ಬೆಳೆ ಸೊರಗುತ್ತದೆ.

ಯಾರಾದರೂ ಕಾಗದಕ್ಕೆ ಸಹಿ ಕೇಳಿದರೆ, ಯಾವ ಕಾನೂನಿನಂತೆ, ಎಷ್ಟು ಅಗಲದ ಜಾಗ ಎಂಬುದನ್ನು ಬರಹದಲ್ಲಿ ಪಡೆದ ನಂತರವೇ ಸಹಿ ಮಾಡಿರಿ.

ಎಚ್ಚರಿಕೆ

ನೈಸರ್ಗಿಕ ಅನಿಲ ಗಾಳಿಗಿಂತ ಹಗುರ. ಸೋರಿದರೆ ಮೇಲಕ್ಕೆ ಹೋಗುತ್ತದೆ. ಸಿಲಿಂಡರಿನ ಅನಿಲ ಭಾರ, ನೆಲದಲ್ಲಿ ನಿಲ್ಲುತ್ತದೆ. ಎರಡಕ್ಕೂ ಸೋರಿಕೆ ತಿಳಿಯಲೆಂದೇ ವಾಸನೆ ಬೆರೆಸಿರುತ್ತಾರೆ. ವಾಸನೆ ಬಂದರೆ ದೀಪದ ಸ್ವಿಚ್ ಮುಟ್ಟಬೇಡಿರಿ, ಬೆಂಕಿಕಡ್ಡಿ ಗೀರಬೇಡಿರಿ. ಕವಾಟ ಮುಚ್ಚಿ, ಕಿಟಕಿ ಬಾಗಿಲು ತೆರೆದು ಹೊರಗೆ ಬನ್ನಿರಿ. ಕೊಳವೆಯ ಗುರುತುಕಲ್ಲು ಇರುವೆಡೆ ಜೆ.ಸಿ.ಬಿ. ಹಚ್ಚುವ ಮೊದಲು ಸಂಸ್ಥೆಗೆ ತಿಳಿಸಿರಿ.

ಹಟ್ಟಿಯ ಅನಿಲ ಬಿಡಬೇಡಿರಿ

ಕೊಳವೆ ಮೊದಲು ಮುಟ್ಟುವುದು ಮನೆಗಳು ಒತ್ತಾಗಿರುವ ಪೇಟೆಗಳನ್ನು. ಬಿಡಿಬಿಡಿಯಾಗಿ ಮನೆಗಳಿರುವ ನಮ್ಮ ಹಳ್ಳಿಗಳಲ್ಲಿ ಗೋಬರ್ ಅನಿಲವೇ ಕೈಗೆ ಸಿಗುವ ದಾರಿ. ಒಂದು ಘನಮೀಟರ್ ಅನಿಲಕ್ಕೆ ದಿನಕ್ಕೆ ಸುಮಾರು 25 ಕಿಲೋ ಸೆಗಣಿ ಬೇಕು. ಎರಡು ಘನಮೀಟರಿನ ಸ್ಥಾವರಕ್ಕೆ ನಾಲ್ಕೈದು ದನಗಳಿರಬೇಕು. ಮಲೆನಾಡು ಗಿಡ್ಡ ತಳಿಯಾದರೆ ಇನ್ನೂ ಹೆಚ್ಚು. 1984ರಲ್ಲಿ ಬಂದ ದೀನಬಂಧು ಮಾದರಿಗೆ ಕಬ್ಬಿಣದ ಡ್ರಮ್ ಬೇಡ. ಉಪ್ಪುಗಾಳಿಯ ಕರಾವಳಿಯಲ್ಲಿ ತುಕ್ಕಿನ ಕಾಟವಿಲ್ಲದಿರುವುದು ದೊಡ್ಡ ಅನುಕೂಲ. ನೀರು ಮೇಲಿರುವ ಮರಳು ನೆಲದಲ್ಲಿ ಹೊಂಡವನ್ನು ಬೇಸಿಗೆಯಲ್ಲೇ ತೋಡಿಸಿರಿ.

ಕೊಳವೆಯ ಅನಿಲ ಒಲೆ ಉರಿಸುತ್ತದೆ. ಹಟ್ಟಿಯ ಅನಿಲ ಒಲೆ ಉರಿಸಿ ತೋಟಕ್ಕೆ ಬಗ್ಗಡವನ್ನೂ ಕೊಡುತ್ತದೆ. ದನ ಇರುವವರು ಮನೆಗೆ ಕೊಳವೆ ಬಂದರೂ ಇದನ್ನು ಉಳಿಸಿಕೊಳ್ಳುವುದು ಲೇಸು.